ಗೋವಿಂದರಾಯರ ಪೂರ್ಣವಾಕ್ಯ ಕಾಯಿದೆ

ಮಗಳ ಇತಿಹಾಸದ ಉತ್ತರಪತ್ರಿಕೆ ನೋಡಿದ ದಿನ ಗೋವಿಂದರಾಯರಿಗೆ ಅನ್ನ ಇಳಿಯಲಿಲ್ಲ. (ಚಪಾತಿ ಇಳಿಯಿತು, ಅದು ಹೆಂಡತಿಯ ಮುಲಾಜು.) ಇಂಗ್ಲಿಷಿನ ‘ಫಾರ್’ ಇರಬೇಕಾದಲ್ಲೆಲ್ಲ ಮೈತ್ರೇಯಿ ನಾಲ್ಕರ ಅಂಕಿ ಹಾಕಿದ್ದಳು. ಪಾಣಿಪತ್ ಯುದ್ಧದ ಕೊನೆಗೆ ಕಣ್ಣೀರು ಸುರಿಸುವ ಒಂದು ಗುಂಡು ಮುಖ ಬರೆದಿದ್ದಳು. ಧಾರವಾಡದಿಂದ ವರ್ಗವಾಗಿ ನಾಸಿಕಕ್ಕೆ ಬಂದು, ಬ್ಯಾಂಕಿನ ಪ್ರತಿ ನೋಟೀಸನ್ನೂ ಅಲ್ಪವಿರಾಮ ತಪ್ಪದೆ ಬರೆಯುವ ಮನುಷ್ಯನಿಗೆ ಇಂಥ ಮಗಳು!

ಅಂದೇ ಮನೆಯಲ್ಲಿ ಕಾಯಿದೆ ಜಾರಿಯಾಯಿತು. ಮನೆಯವರ ನಡುವಿನ ಪ್ರತಿ ಮೊಬೈಲ್ ಸಂದೇಶವೂ ಪತ್ರದ ಕ್ರಮದಲ್ಲೇ ಇರತಕ್ಕದ್ದು. ಮೊದಲು ಸಂಬೋಧನೆ, ಆಮೇಲೆ ಕ್ಷೇಮಸಮಾಚಾರ, ಕೊನೆಗೆ ವಿಷಯ. ಕ್ರಮ ತಪ್ಪಿದ ಸಂದೇಶವನ್ನು ಯಾರೂ ಸ್ವೀಕರಿಸತಕ್ಕದ್ದಲ್ಲ.

ಹೆಂಡತಿ ವಸುಧಾಬಾಯಿ ಸೊಂಟಕ್ಕೆ ಸೆರಗು ಸಿಗಿಸಿದರು. “ಬಾಜೂ ಖೋಲಿಯೊಳಗ ಕೂತವರ ಕ್ಷೇಮಾ ಕೇಳಿ, ಆಮ್ಯಾಲೆ ಕೊತ್ತಂಬರಿ ತರ್ರಿ ಅಂತ ಬರೀಬೇಕೇನ್ರಿ?”

“ಬರೀಬೇಕು. ಭಾಷಾ ಉಳೀಬೇಕಂದ್ರ ಇಷ್ಟರೇ ಮಾಡಬೇಕು.”

ಮೈತ್ರೇಯಿ ಅಜ್ಜನ ಹಳೆಯ ಪತ್ರವೊಂದನ್ನು ತಂದು ಅಪ್ಪನ ಮುಂದೆ ಹಿಡಿದಳು. ಅದರಲ್ಲಿ ‘ತೀ. ರೂ.’, ‘ಶಿ. ಸಾ. ನ.’ (ತೀರ್ಥರೂಪ, ಶಿರಸಾಷ್ಟಾಂಗ ನಮಸ್ಕಾರ) ಎಂದೆಲ್ಲ ಇತ್ತು. “ಇದೂ ಶಾರ್ಟ್‌ಕಟ್ಟೇ ಅಲ್ಲ ಕಾ, ಪಪ್ಪಾ?” ಎಂದು ಅರ್ಧ ಮರಾಠಿಯಲ್ಲಿ ಕೇಳಿದಳು.

“ಅದು ಸಂಸ್ಕೃತಿ” ಎಂದರು ರಾಯರು. ಅಲ್ಲಿಗೆ ಚರ್ಚೆ ಮುಗಿಯಿತು.

ಈ ಕಾಯಿದೆಯ ಕೀರ್ತಿ ಪಂಚವಟಿಯ ಕನ್ನಡ ಸಂಘದವರೆಗೂ ಹಬ್ಬಿತು. ಅಧ್ಯಕ್ಷ ಸಂಗಮನಾಥ ಬೀದರಿನವರು, ಬಟ್ಟೆ ಅಂಗಡಿಯವರು. ‘ಮೊಬೈಲ್ ಭಾಷೆ ಮತ್ತು ವಿದ್ಯಾರ್ಥಿಗಳ ಬರವಣಿಗೆ’ ಕುರಿತು ಸಂಘದ ಮಕ್ಕಳಿಗೆ ಭಾನುವಾರ ನೀವೇ ಮಾತಾಡಬೇಕು ಎಂದರು. ಭಾಷಣ ಚಲೋ ಆದರೆ ಸ್ಮರಣ ಸಂಚಿಕೆಯ ಸಂಪಾದಕರ ಹೆಸರನ್ನು ಅಲ್ಲೇ ಘೋಷಿಸಿಬಿಡೋಣ ಎಂದೂ ಸೂಚಿಸಿದರು. ಸಂಪಾದಕ! ಆ ಪದವಿಗಾಗಿ ರಾಯರು ನಾಸಿಕಕ್ಕೆ ಬಂದಾಗಿನಿಂದ ಬಾಯಿ ಬಿಡದೆ ಹಂಬಲಿಸಿದ್ದರು. ಕೂತು ಬರೆದರು. ಹಾಳೆಯ ಮೇಲೆ ಹಾಳೆ ತುಂಬಿತು. ‘ಅಕ್ಷರಹತ್ಯಾ ಮಹಾಪಾತಕ’ ಎಂಬ ಮಾತು ಬಂದಾಗ ತಾವೇ ರೋಮಾಂಚನಗೊಂಡು ಒಂದು ಲೋಟ ನೀರು ಕುಡಿದರು.

ಅಷ್ಟರಲ್ಲಿ ಶಾಖೆಯ ತಪಾಸಣೆಗೆಂದು ಸಂಭಾಜಿನಗರಕ್ಕೆ ಹೋಗಬೇಕಾಯಿತು. ಭಾನುವಾರ ಎಸ್.ಟಿ. ಬಸ್ಸು ಹತ್ತಿ, ಸೀದಾ ಸಭೆಗೇ ಹೋಗುವ ಲೆಕ್ಕ ಹಾಕಿದ್ದರು. ವೈಜಾಪುರ ದಾಟಿದ ಮೇಲೆ ಭಾಷಣವನ್ನೊಮ್ಮೆ ಮೆಲುಕು ಹಾಕೋಣವೆಂದು ಚೀಲ ತೆರೆದರು. ಟವೆಲ್ ಇತ್ತು, ಶೇಂಗಾಚಟ್ನಿ ಇತ್ತು, ಭಾಷಣ ಇರಲಿಲ್ಲ. ಅದು ಮನೆಯ ಊಟದ ಟೇಬಲ್ ಮೇಲಿತ್ತು. ಹಾಳೆ ಕೈಯಲ್ಲಿಲ್ಲದೆ ರಾಯರು ವೇದಿಕೆಯ ಮೇಲೆ ಸ್ವಂತ ಹೆಸರನ್ನೂ ಹೇಳಿದವರಲ್ಲ.

ಬಸ್ಸಿನ ಗದ್ದಲದಲ್ಲಿ ಫೋನು ಮಾಡಿದರೆ ಏನೂ ಕೇಳಿಸಲಿಲ್ಲ. ಬ್ಯಾಟರಿ ಆಗಲೇ ಕೆಂಪಗಾಗಿತ್ತು. ಗಡಬಡಿಸಿ ಮಗಳಿಗೆ ‘ಭಾ. ಟೇ. ಮೇ. ತಾ’ ಎಂದು ಒತ್ತಿ ಕಳಿಸಿದರು. (ಭಾಷಣ ಟೇಬಲ್ ಮೇಲಿದೆ, ತಾ ಎಂದು ಅದರ ಅರ್ಥ. ಜೀವ ಬಾಯಿಗೆ ಬಂದಾಗ ಮನುಷ್ಯ ಮತ್ತೇನು ಮಾಡಿಯಾನು?)

ಯೇವಲಾ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ನಿಂತಾಗ ಉತ್ತರ ಬಂತು: “ತೀರ್ಥರೂಪ ಪಪ್ಪನವರಿಗೆ ಮೈತ್ರೇಯಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಸಂದೇಶದಲ್ಲಿ ಸಂಬೋಧನೆಯಾಗಲಿ ಕ್ಷೇಮಸಮಾಚಾರವಾಗಲಿ ಇಲ್ಲದ ಕಾರಣ ಮನೆಯ ಕಾಯಿದೆಯಂತೆ ಅದನ್ನು ಸ್ವೀಕರಿಸಲಾಗಿಲ್ಲ. ತಿದ್ದಿ ಕಳುಹಿಸಬೇಕಾಗಿ ವಿನಂತಿ.”

ರಾಯರಿಗೆ ಸಿಟ್ಟೂ ಬಂತು, ಹೆಮ್ಮೆಯೂ ಬಂತು. ಒಂದಾದರೂ ತಪ್ಪು ಬೇಕಲ್ಲ! ಕಾಯಿದೆ ಮಾಡಿದವರೇ ಮುರಿಯುವುದು ಹೇಗೆ? ಕ್ರಮವಾಗಿಯೇ ಬರೆಯತೊಡಗಿದರು: “ಚಿರಂಜೀವಿ ಮೈತ್ರೇಯಿಗೆ ಆಶೀರ್ವಾದಗಳು. ಇತ್ತ ನಾನು ಕ್ಷೇಮ. ನೀನೂ ನಿನ್ನ ತಾಯಿಯೂ ಕ್ಷೇಮವೆಂದು ನಂಬಿರುತ್ತೇನೆ.” ವಿಷಯಕ್ಕೆ ಬರುವಷ್ಟರಲ್ಲಿ ಪರದೆ ಮಿಣುಕಿತು. ಗಾಬರಿಯಿಂದ ಇದ್ದಷ್ಟನ್ನೇ ಕಳಿಸಿದರು. ಫೋನು ಕಣ್ಣು ಮುಚ್ಚಿತು.

ಸಭೆಯ ಬಾಗಿಲಲ್ಲಿ ವಸುಧಾಬಾಯಿ ಪೈಠಣಿ ಸೀರೆ ಉಟ್ಟು ನಿಂತಿದ್ದರು. ಮುಖದಲ್ಲಿ ಎಂದೂ ಕಾಣದ ನಾಚಿಕೆ. “ಲಗ್ನ ಆದಾಗಿಂದ ಒಮ್ಮೆರೇ ನನ್ನ ಕ್ಷೇಮಾ ಕೇಳಿದ್ದಿಲ್ಲರಿ ನೀವು” ಎಂದು ಮೆಲ್ಲಗೆ ಅಂದರು. ರಾಯರು ಅವರ ಕೈ ನೋಡಿದರು. ಕೈಯಲ್ಲಿ ಮಲ್ಲಿಗೆ ಮಾಲೆ ಇತ್ತು, ಹಾಳೆಗಳಿರಲಿಲ್ಲ. ಕೇಳಲು ಬಾಯಿ ತೆರೆಯುವುದರೊಳಗೆ ಸಂಗಮನಾಥರು ರಟ್ಟೆ ಹಿಡಿದು ವೇದಿಕೆಗೆ ಕರೆದೊಯ್ದರು.

ಮೈಕಿನ ಮುಂದೆ ನಿಂತಾಗ ಮಹಾಪಾತಕವೂ ನೆನಪಾಗಲಿಲ್ಲ. ಎದುರಿಗೆ ಮಕ್ಕಳು ಆಗಲೇ ಆಕಳಿಸುತ್ತಿದ್ದರು. ರಾಯರು ಬೆವರು ಒರೆಸಿಕೊಂಡರು.

“ಮಕ್ಕಳಾ, ಪರೀಕ್ಷಾದಾಗ ಪೂರ್ತಿ ಬರೀರಿ. ಮೊಬೈಲಿನ್ಯಾಗ ಹೆಂಗರೇ ಬರೀರಿ. ಆದ್ರ ಕೆಲಸದ ಮಾತು ಮೊದಲ ಬರೀರಿ. ನಮಸ್ಕಾರ.”

ಕೂತುಬಿಟ್ಟರು. ಸಂಪಾದಕಗಿರಿ ಗೋದಾವರಿ ಪಾಲಾಯಿತೆಂದು ಕಣ್ಣು ಮುಚ್ಚಿದರು. ಆದರೆ ಮಕ್ಕಳ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ಎಲ್ಲರಿಗಿಂತ ಜೋರಾಗಿ ಮೈತ್ರೇಯಿಯೇ ತಟ್ಟುತ್ತಿದ್ದಳು. ಸಂಗಮನಾಥರಂತೂ ಓಡಿಬಂದು ಮೈಕು ಹಿಡಿದರು.

“ನಮ್ಮ ಸಂಘದಾಗ ಇಷ್ಟು ಛೋಟಾ ಭಾಷಣ ಯಾರೂ ಮಾಡಿಲ್ಲ. ಸಂಚಿಕೆ ಯಾರರೇ ನೋಡ್ಕೋತಾರ. ಇಂಥಾ ಮನುಷ್ಯಾ ಸಂಪಾದಕ ಆಗಿ ವ್ಯರ್ಥ ಹೋಗಬಾರದು. ಇವತ್ತಿನಿಂದ ಸಂಘದ ವಾಟ್ಸಾಪ್ ಗ್ರೂಪಿನ ಕಾರಭಾರ ಗೋವಿಂದರಾಯರದೇ!”

ಮತ್ತೆ ಚಪ್ಪಾಳೆ. ಯಾರೋ ಫೋನಿಗೆ ಚಾರ್ಜು ಹಚ್ಚಿಕೊಟ್ಟರು. ಅಭಿನಂದನೆಗಳು ದಬದಬನೆ ಬಿದ್ದವು: ಹೆಬ್ಬೆರಳು, ಹೂಗುಚ್ಛ, ಜೋಡಿಸಿದ ಕೈ. ಸಭೆಯೆಲ್ಲ ಅಡ್ಮಿನ್ನರ ಮೊದಲ ಸಂದೇಶಕ್ಕಾಗಿ ಪರದೆ ನೋಡುತ್ತ ಕೂತಿತು. ರಾಯರು ಗಂಭೀರವಾಗಿ ಕೆಮ್ಮಿ, ಮಗಳ ಕಡೆ ವಾಲಿದರು.

“ಥ್ಯಾಂಕ್ಸ್ ಅನ್ಲಿಕ್ಕೆ ನೀವು ಹುಡುಗರು ಏನ್ ಒತ್ತತೀರಿ?”