ಫೈನಲ್ ದಿನ ನನ್ನ ಮಗನನ್ನು ಬೆಂಚಿನಲ್ಲಿ ಕೂರಿಸಿದ ಕೋಚ್ ಸಯೀದರಿಗೆ

ಮಾನ್ಯರೇ,

ಕಂಪೆನಿಯೊಂದರ ಕ್ಲಾರ್ಕೂ, ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ಪೋಷಕರ ಪ್ರತಿನಿಧಿಯೂ, ಎಲ್ಲಕ್ಕಿಂತ ಮಿಗಿಲಾಗಿ ಕ್ಲೈವ್‌ನ ತಂದೆಯೂ ಆದ ಅಲೋಶಿಯಸ್, ದೋಹಾ ಅಲ್ ಜದೀದಾ ಬಡಾವಣೆಯಿಂದ ಮಾಡುವ ಸವಿನಯ ವಂದನೆಗಳು. ತಾವು ಮುಐದರ್‌ನಲ್ಲಿ ಸಕುಟುಂಬ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ. ನನಗೆ ತಮ್ಮ ಮೇಲೆ ಒಂದು ದೂರಿದೆ: ಯಾವ ಗುಣವಿದೆಯೆಂದು ನಾವು ತಮ್ಮನ್ನು ನೇಮಿಸಿಕೊಂಡೆವೋ, ಆ ಗುಣ ತಮ್ಮಲ್ಲಿ ನಿಜವಾಗಿಯೂ ಇದೆ.

ಕಳೆದ ವರ್ಷದ ಸಂದರ್ಶನವನ್ನು ನೆನಪಿಸಿಕೊಳ್ಳಬೇಕಾಗಿ ವಿನಂತಿ. ಏಷ್ಯನ್ ಗೇಮ್ಸ್ ಆಗಷ್ಟೇ ಮುಗಿದು, ದೋಹಾದಲ್ಲಿ ಲಿಫ್ಟಿನೊಳಗೆ ಸಿಕ್ಕವರೆಲ್ಲ ಕ್ರೀಡಾತಜ್ಞರಾಗಿದ್ದ ಕಾಲವದು. ಕಾಲೇಜಿನ ಫುಟ್‌ಬಾಲ್ ಕೋಚ್ ಹುದ್ದೆಗೆ ಇಬ್ಬರು ಬಂದಿದ್ದಿರಿ. ಶ್ರೀ ಬೊನವೆಂಚರ್ ಹೋದಲ್ಲೆಲ್ಲ ಕಪ್ ಗೆದ್ದವರು. ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಯುವಕನೊಬ್ಬನನ್ನು ಬೇರೊಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಆಡಿಸಿದ್ದೂ ಅವರೇ. ತಾವು ಅಷ್ಟೇನೂ ಗೆದ್ದವರಲ್ಲ. ಗೆಲ್ಲಲು ಏನು ಮಾಡುತ್ತೀರೆಂದು ಸಮಿತಿಯವರು ಕೇಳಿದಾಗ, "ಚೆನ್ನಾಗಿ ಆಡಿಸ್ತೇನೆ. ಸುಳ್ಳೇ ಬಿದ್ದು ಪೆನಾಲ್ಟಿ ತೆಗೊಂಡವ ಮಾತ್ರ ಮುಂದಿನ ಮ್ಯಾಚ್ ಆಡ್ಲಿಕ್ಕಿಲ್ಲ, ಯಾರೇ ಆಗಲಿ," ಎಂದಿರಿ.

ಸಮಿತಿಯ ಮತಗಳು ಸಮನಾಗಿ ಹಂಚಿಹೋಗಿ ನನ್ನದೊಂದೇ ಉಳಿಯಿತು. ಜೀವಮಾನದಲ್ಲಿ ನನ್ನ ಮಾತಿಗೆ ಇಷ್ಟು ಜನ ಕಾದಿದ್ದು ಅದೇ ಮೊದಲಾದ್ದರಿಂದ ನಾನು ಎದ್ದು ನಿಂತು, ಮೇಜು ಕುಟ್ಟಿ, "ನಮಗೆ ಕಪ್ ಬೇಡ, ಮಕ್ಕಳು ಮನುಷ್ಯರಾಗಬೇಕು!" ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಸಮಿತಿಯ ಕಾರ್ಯದರ್ಶಿ ಸೆಲೆಸ್ಟಿನ್ ಮಾತ್ರ ನನ್ನ ಕಿವಿಯಲ್ಲಿ, "ಮತ್ತೆ ಸೋತ್ರೆ ಅವರಿಗೆ ಬೈಲಿಕ್ಕಿಲ್ಲ ಆಯ್ತಾ?" ಎಂದರು. ಅಸೂಯೆಯ ಮಾತೆಂದುಕೊಂಡೆ. ಮಕ್ಕಳೆಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಬೇರೆಯವರ ಮಕ್ಕಳು ಎಂಬುದು ಆಗ ನನಗೂ ಹೊಳೆದಿರಲಿಲ್ಲ.

ತಾವು ತಂಡವನ್ನು ಸೆಮಿಫೈನಲ್‌ವರೆಗೆ ತಂದಿರಿ. ಅತಿ ಹೆಚ್ಚು ಗೋಲು ಹೊಡೆದವನು ಕ್ಲೈವ್ ಎಂಬ ಸಂಗತಿಯನ್ನು ನಾನು ಆಫೀಸಿನಲ್ಲಿ, ಶುಕ್ರವಾರ ಪಾದ್ರಿಗಳ ಪೂಜೆ ಮುಗಿದು ಹೊರಬರುವವರ ನಡುವೆ, ಕೊನೆಗೆ ಫೋನಿನಲ್ಲಿ ತಪ್ಪು ನಂಬರಿಗೆ ಸಿಕ್ಕ ಮಲಯಾಳಿಯೊಬ್ಬರಿಗೂ ತಿಳಿಸಿದೆ. ಸೆಮಿಫೈನಲ್ ಮುಗಿಯುವ ಹೊತ್ತಿಗೆ ಎದುರು ತಂಡದ ಡಿಫೆಂಡರ್ ಹತ್ತಿರ ಬರುತ್ತಿದ್ದಂತೆ ಕ್ಲೈವ್ ಗುಂಡೇಟು ತಿಂದವನಂತೆ ಬಿದ್ದ, ಪೆನಾಲ್ಟಿ ಸಿಕ್ಕಿತು, ಅವನೇ ಹೊಡೆದ, ಗೆದ್ದೆವು. ನಾನು ಗಂಟಲು ಹರಿಯುವಂತೆ ಕೂಗಿದೆ. ತಾವೋ, ಬಸ್ಸಿನಲ್ಲಿ ಅವನ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದಿರಂತೆ: "ಅವ ನಿನ್ನನ್ನು ಮುಟ್ಟಿದನಾ?"

ನನ್ನ ಮಗ "ಇಲ್ಲ ಕೋಚ್" ಎಂದುಬಿಟ್ಟ. ಆ ಪ್ರಾಮಾಣಿಕತೆ ನಮ್ಮ ಮನೆಯಿಂದ ಹೋದದ್ದಲ್ಲವೆಂದು ಖಚಿತವಾಗಿ ಹೇಳಬಲ್ಲೆ.

"ಹಾಗಾದ್ರೆ ಫೈನಲ್‌ಗೆ ನೀನಿಲ್ಲ," ಎಂದಿರಿ.

ಮರುದಿನ ಸಂಜೆ ಹಲ್ವಾದ ಪೆಟ್ಟಿಗೆ ಹಿಡಿದು ಒಬ್ಬನೇ ತಮ್ಮ ಮನೆಗೆ ಬಂದೆ. ಹೆಂಡತಿ ಪರ್ಪೆಚುವಾಳನ್ನು ಕರೆದರೆ, "ಆರಿಸಿದ್ದು ನೀವಲ್ವಾ? ನೀವೇ ಹೋಗಿ," ಎಂದಿದ್ದಳು. ತಾವು ಸುಲೈಮಾನಿ ಚಹಾ ಕೊಟ್ಟಿರಿ, ಹಲ್ವಾವನ್ನು ಮುಟ್ಟಲಿಲ್ಲ. ಇದೊಂದು ಸಲ ಬಿಟ್ಟುಬಿಡಿ, ಹುಡುಗನ ಭವಿಷ್ಯ ಎಂದೆಲ್ಲ ನಾನು ಹಲುಬಿದ್ದನ್ನು ಪೂರ್ತಿ ಕೇಳಿ, "ಸರ್, ಆ ದಿನ ನಿಮ್ಮ ಮಾತು ಹೊರಗೆ ಕೂತಿದ್ದ ನನಗೂ ಕೇಳಿತ್ತು. ಅದನ್ನು ಕೇಳಿಯೇ ನಾನು ಈ ಕೆಲಸ ಒಪ್ಪಿದ್ದು," ಎಂದಿರಿ. ಮನುಷ್ಯನನ್ನು ಅವನದೇ ಮಾತಿನಿಂದ ಹೊಡೆಯುವುದು ಯಾವ ಕ್ರೀಡಾ ನಿಯಮದಲ್ಲಿದೆ ಸ್ವಾಮಿ?

ಫೈನಲ್‌ನಲ್ಲಿ ಕ್ಲೈವ್‌ನ ಜಾಗದಲ್ಲಿ ಆಡಿದ ನೆವಿಲ್ ಹೊಡೆದ ಚೆಂಡು ಕಂಬಕ್ಕೆ ಬಡಿದು ಹಿಂದೆ ಬಂತು. ಒಂದು ಗೋಲಿನಿಂದ ಸೋತೆವು. ಎದುರು ತಂಡದ ಕೋಚ್ ಆಗಿದ್ದ ಶ್ರೀ ಬೊನವೆಂಚರ್, ಕಪ್ ಎತ್ತಿ ಹಿಡಿದು, ಜನರ ನಡುವೆ ನನ್ನನ್ನೇ ಹುಡುಕಿ ಕೈಬೀಸಿದರು. ನಾನು ಬೂಟಿನ ಲೇಸು ಕಟ್ಟುವವನಂತೆ ಬಗ್ಗಿದೆ. ಹಾಕಿಕೊಂಡಿದ್ದದ್ದು ಚಪ್ಪಲಿ.

ತಲೆಯೆತ್ತಿದಾಗ ಕ್ಲೈವ್ ಮೆಟ್ಟಿಲು ಹತ್ತಿ ನನ್ನ ಕಡೆಗೇ ಬರುತ್ತಿದ್ದ. ಸಮಾಧಾನ ಹೇಳಲು ತೋಳು ಚಾಚಿದೆ. ಅವನು ನನ್ನನ್ನು ಬಿಟ್ಟು, ನನ್ನ ಮುಂದಿನ ಸಾಲಿನಲ್ಲೇ ನಿಂತ. ಅಲ್ಲಿ ಸೆಮಿಫೈನಲ್‌ನ ಆ ಡಿಫೆಂಡರ್ ತನ್ನ ತಂದೆಯ ಜೊತೆ ಕೂತಿದ್ದ. ಮಾಡದ ತಪ್ಪಿಗೆ ತನ್ನ ತಂಡದವರಿಂದಲೇ ಬೈಸಿಕೊಂಡಿದ್ದ ಹುಡುಗ. "ನೀನು ನನ್ನನ್ನು ಮುಟ್ಟಲೇ ಇಲ್ಲ. ನಾನು ಬೇಕಂತಲೇ ಬಿದ್ದದ್ದು. ಸಾರಿ," ಎಂದ ಕ್ಲೈವ್, ಅಷ್ಟೂ ಜನರಿಗೆ ಕೇಳುವಂತೆ. ಆ ಹುಡುಗ ಕೈ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಕೊಟ್ಟ. ಅವನ ತಂದೆ ಹಿಂತಿರುಗಿ, "ನಿಮ್ಮ ಮಗನಾ?" ಎಂದು ಕೇಳಿದರು.

ವರ್ಷವಿಡೀ ಯಾರೂ ಕೇಳದೆಯೇ ಕೂಗಿ ಹೇಳಿದ್ದ ನಾನು ಆಗ ಬರೀ ತಲೆಯಾಡಿಸಿದೆ. ಕಣ್ಣಿಗೆ ಮರಳು ಬಿದ್ದಿತ್ತು. ಗಾಳಿಯಿರಲಿಲ್ಲ ಎಂದು ಪರ್ಪೆಚುವಾ ಹೇಳುತ್ತಾಳೆ, ಅದನ್ನು ತಾವು ನಂಬಬಾರದು.

ಆದ್ದರಿಂದ ಮಾನ್ಯರೇ, ತಮ್ಮ ಗುಣವನ್ನು ಲೀಗ್ ಪಂದ್ಯಗಳಿಗೆ ಮಾತ್ರ ಬಳಸಿ, ಫೈನಲ್‌ಗಳಿಗೆ ರಜೆ ಕೊಡಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಿಲ್ಲವಾದರೆ, ಮೈದಾನದಲ್ಲಿ ಕಲಿಸಿದ್ದನ್ನು ಹುಡುಗರು ಮನೆಗೆ ತರದಂತೆ ಗೇಟಿನಲ್ಲೇ ತಡೆಯುವ ವ್ಯವಸ್ಥೆಯಾಗಲಿ. ನಿನ್ನೆ ನಮ್ಮ ಕಂಪೆನಿಯ ಮ್ಯಾನೇಜರ್ ಫೋನ್ ಮಾಡಿದಾಗ, ಅಪ್ಪ ಮನೆಯಲ್ಲಿಲ್ಲ ಎನ್ನು ಎಂದು ಕೈಸನ್ನೆ ಮಾಡಿದರೆ, ಕ್ಲೈವ್ ಅದೇ ವಾಕ್ಯ ಹೇಳಿ, ಕೊನೆಗೆ "ಅಂತ ಅಪ್ಪನೇ ಹೇಳ್ತಿದ್ದಾರೆ," ಎಂದು ಸೇರಿಸಿದ. ಖಲಾಸ್! ನಾಳೆ ಬೆಳಿಗ್ಗೆ ಮ್ಯಾನೇಜರ್ ಕೋಣೆಗೆ ಹೋಗಬೇಕಾಗಿದೆ.

ತಮ್ಮಿಂದ ಇಷ್ಟೆಲ್ಲ ಅನುಭವಿಸಿಯೂ,
ತಮ್ಮ ವಿಶ್ವಾಸಿ,
ಅಲೋಶಿಯಸ್

ತಾ.ಕ.: ತಮ್ಮನ್ನು ಮುಂದುವರಿಸಬೇಕೋ, ಶ್ರೀ ಬೊನವೆಂಚರ್ ಅವರನ್ನು ಕರೆಯಬೇಕೋ ಎಂಬ ಸಭೆ ಮೊನ್ನೆ ನಡೆಯಿತು. ತಾವೇ ಉಳಿದಿದ್ದೀರಿ. ನಾನು ಸುಮ್ಮನೆ ಕೈಯೆತ್ತಿದೆ, ಭಾಷಣ ಮಾಡಲಿಲ್ಲ. ಆ ಕೆಲಸವನ್ನು ಸಮಿತಿಗೆ ಹೊಸದಾಗಿ ಬಂದ ತಾರಾನಾಥರು ಮಾಡಿದರು. ಗುಣವೇ ದೊಡ್ಡದು, ಗೆಲುವಲ್ಲ ಎಂದು ಬಹಳ ಸೊಗಸಾಗಿ ಮಾತಾಡಿದರು. ಅವರ ಮಗ ಸೃಜನ್ ಈ ವರ್ಷ ತಂಡಕ್ಕೆ ಸೇರುತ್ತಿದ್ದಾನೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ.