ದಿಬ್ಬವಿರಬೇಕಾದಲ್ಲಿ ಗುಂಡಿ

ದಿಬ್ಬ ಏಳಬೇಕಾದ ಜಾಗದಲ್ಲಿ ಗುಂಡಿ ಬಿದ್ದದ್ದೇ ಗೋರ್ಡಿ ಪ್ಲಮ್‌ನ ತಾಪತ್ರಯಕ್ಕೆ ಮೂಲ.

ಗ್ಯಾಲಕ್ಸಿಯ ನಡುಮಧ್ಯೆ ಕಪ್ಪುಕುಳಿಯೊಂದು ಗಬಗಬ ನುಂಗುತ್ತಿದ್ದರೆ ಸುತ್ತಲಿನ ಕಬ್ಬಿಣ ಎಕ್ಸ್‌ರೇ ಸೂಸುತ್ತದೆ. ಆ ಬೆಳಕಿನ ಏರಿಳಿತದ ನಕ್ಷೆಯಲ್ಲಿ ಗೊತ್ತಾದ ಒಂದು ಕಡೆ ದಿಬ್ಬ ಏಳುತ್ತದೆ. ಬಾಸ್ಟನ್ನಿನ ಆ ಖಗೋಳ ಕಚೇರಿಯಲ್ಲಿ ಅದಕ್ಕೆ ಕಬ್ಬಿಣದ ಗೆರೆ ಎಂದು ಹೆಸರು. ಗೋರ್ಡಿಗೆ ಅದು ಕಬ್ಬಿಣದ ಕಡಲೆ. ಅವನ ಪಾಲಿಗೆ ಬಂದ ಗ್ಯಾಲಕ್ಸಿಯ ನಕ್ಷೆಯಲ್ಲಿ ಅಲ್ಲಿ ಹಲ್ಲು ಕಿತ್ತ ಬಾಯಿಯಂಥ ಗುಂಡಿ. ಕೆಲಸದ ಅವಧಿಯೂ ಈ ತಿಂಗಳಿಗೆ ಮುಗಿಯುತ್ತಿತ್ತು. "ಹೊಸದೇನಾದ್ರೂ ತೋರಿಸು, ಇನ್ನೊಂದು ವರ್ಷ ಇಟ್ಕೊಳ್ತೀನಿ" ಎಂದಿದ್ದರು ಮುಖ್ಯಸ್ಥೆ ಮಾರ್ಜಿ. ಇವತ್ತಿನ ಕಾಫಿ ಸಭೆಯೇ ಗಡುವು.

ಪಕ್ಕದ ಮೇಜಿನ ರೊವೀನಾ ಬೇಗಲ್ ಕಚ್ಚುತ್ತ ಇಣುಕಿದಳು. "ಲೋ, ಕಬ್ಬಿಣ ಎಲ್ಲೋ? ಗುಜರಿಗೆ ಹಾಕಿಬಿಟ್ಯಾ?"

"ಎಲ್ಲೋ ತಪ್ಪಿದೆ ಕಣೇ."

"ತಪ್ಪಲ್ವೋ, ಶೋಧ! ನಡುವೆ ಅನಿಲದ ಮೋಡ ಬಂದು ಬೆಳಕು ನುಂಗಿದೆ. ಪ್ರಬಂಧಕ್ಕೆ ನನ್ನ ಹೆಸರೂ ಸೇರಿಸು."

ಎದುರು ಕೋಣೆಯ ಹಿರಿಯ ಟೀಬರ್ ಮೂಗಿನಲ್ಲೇ ಮಾತಾಡುತ್ತ ಬಂದರು. "ಮ್ಮೋಡವಂತೆ, ಮ್ಮೋಡ! ಅದು ಕಪ್ಪುಕುಳಿ ಎಬ್ಬಿಸಿದ ಬಿರುಗಾಳಿ ಕಣಯ್ಯಾ. ನನ್ನ ಹೆಸರು ಮ್ಮೊದಲು ಬರ್ಲಿ."

ಊಟದ ಹೊತ್ತಿಗೆ ಆ ಗುಂಡಿಗೆ ಮದುವೆ ಪಂಕ್ತಿಯಷ್ಟು ಜನ ವಾರಸುದಾರರು.

ಗೋರ್ಡಿಗೆ ಮಾತ್ರ ನಂಬಿಕೆ ಬರಲಿಲ್ಲ. ಪಾತ್ರೆಯ ತೂಕ ಕಳೆದು ತುಪ್ಪ ತೂಗುವಂತೆ, ಗ್ಯಾಲಕ್ಸಿಯ ಬೆಳಕಿನಿಂದ ಪಕ್ಕದ ಖಾಲಿ ಆಕಾಶದ ಬೆಳಕನ್ನು ಕಳೆಯುವುದು ಅಲ್ಲಿನ ವಾಡಿಕೆ. ಆ ಖಾಲಿ ಜಾಗವನ್ನೇ ಒಮ್ಮೆ ತೆರೆದು ನೋಡಿದ. ಅಲ್ಲಿತ್ತು ದಿಬ್ಬ! ದೂಳು ಹೊದ್ದು ಇನ್ನೊಂದು ಕಪ್ಪುಕುಳಿ ಅಲ್ಲಿ ಅಡಗಿ ಕೂತಿತ್ತು. ಅದರ ದಿಬ್ಬವನ್ನು ಕಳೆದೂ ಕಳೆದೂ ತನ್ನ ನಕ್ಷೆಯಲ್ಲಿ ಗುಂಡಿ ತೋಡಿದ್ದು ಇವನೇ.

ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ.

"ನನ್ನ ಹೆಸರು ತೆಗಿಯೋ" ಎಂದು ರೊವೀನಾ ಪಿಸುಗುಟ್ಟಿದಳು. "ನಾನು ಆಗ್ಲೇ ಅನ್ಕೊಂಡೆ" ಎಂದರು ಟೀಬರ್.

ಮಾರ್ಜಿ ಮಾತ್ರ ಕಣ್ಣರಳಿಸಿದರು. "ಯಾರಿಗೂ ಕಾಣದ ಕಪ್ಪುಕುಳಿ ಹಿಡಿದಿದ್ದೀಯಲ್ಲೋ ಮಾರಾಯ! ತಾ ಕಾಗದ, ಒಂದು ವರ್ಷಕ್ಕೆ ರುಜು ಹಾಕ್ತೀನಿ."

"ಹಾಗಾದ್ರೆ ವರ್ಷವಿಡೀ ಅದನ್ನೇ ನೋಡ್ತಾ ಕೂರ್ಲಾ?"

"ಅದನ್ನ ನಾನು ನೋಡ್ಕೊಳ್ತೀನಿ. ನೀನು ಇವರೆಲ್ಲರ ಹಳೇ ಪ್ರಬಂಧಗಳ ಖಾಲಿ ಆಕಾಶ ಕೆದಕು. ಯಾರ್ಯಾರು ಎಲ್ಲೆಲ್ಲಿ ಗುಂಡಿ ತೋಡಿದ್ದಾರೋ!"

ರೊವೀನಾ ಡೋನಟ್ ತಟ್ಟೆಯನ್ನು ಗೋರ್ಡಿಯಿಂದ ಮೆಲ್ಲಗೆ ದೂರ ಸರಿಸಿದಳು.

"ಮೊದಲು ಯಾರದ್ದು?" ಗೋರ್ಡಿ ಕೇಳಿದ.

"ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ ಪ್ರಬಂಧದಿಂದ ಶುರು ಮಾಡು."

"ಹಾಗಿದ್ರೆ ನಿಮ್ಮದೇ ಅಲ್ವಾ, ಮ್ಮಾರ್ಜಿ?" ಎಂದರು ಟೀಬರ್, ಜೇನು ಸುರಿಸುತ್ತ.

ರುಜು ಹಾಕಲು ಇಳಿದಿದ್ದ ಪೆನ್ನು ಗಾಳಿಯಲ್ಲೇ ನಿಂತಿತು.

"ಗೋರ್ಡಿ..." ಮಾರ್ಜಿ ಕೆಮ್ಮಿದರು. "ಆರು ತಿಂಗಳು ಸಾಕಾಗಲ್ವೇನಪ್ಪಾ?"

"ಧಾರಾಳ!" ಗೋರ್ಡಿ ಹಿಗ್ಗಿ ಎದ್ದು ನಿಂತ. "ನಿಮ್ಮದನ್ನ ಈಗಲೇ ತೆಗೀತೀನಿ."