ಅಳಿಯನ ಸಿಟ್ಟು ಮತ್ತು ಚಿಂಚೋಳಿ ಬಸ್ಸು

ಗಂಡಸು ತನ್ನ ಸಿಟ್ಟನ್ನು ಊರಿಗೆಲ್ಲ ತೋರಿಸುತ್ತಾನೆ, ಮೂತ್ರದ ತೊಂದರೆಯನ್ನು ಮಾತ್ರ ಹೆಂಡತಿಗೂ ಬಿಡಿಸಿ ಹೇಳುವುದಿಲ್ಲ. ನಾನೂ ಅಂಥವನೇ. ಕಳೆದ ವಾರ ಕಲಬುರಗಿಯ ಡಾಕ್ಟರು ಹೊಟ್ಟೆ ಕೊಯ್ಯದೆ, ಇದ್ದ ದಾರಿಯಲ್ಲೇ ಸಣ್ಣ ನಳಿಗೆ ತೂರಿಸಿ, ಊದಿಕೊಂಡಿದ್ದ ನನ್ನ ಪ್ರಾಸ್ಟೇಟ್ ಗ್ರಂಥಿಯನ್ನು ಸರಿಮಾಡಿ ಸೇಡಂನ ಮನೆಗೆ ಕಳಿಸಿದರು. ಭಾರ ಎತ್ತಬಾರದು, ಗಾಡಿ ಹೊಡೆಯಬಾರದು, ಖಾರ ತಿನ್ನಬಾರದು, ನೀರು ಮಾತ್ರ ಕುಡಿಯುತ್ತಲೇ ಇರಬೇಕು. ಹೆಂಡತಿ ಮಹಾದೇವಿ ತಾಸಿಗೊಮ್ಮೆ ತಂಬಿಗೆ ಹಿಡಿದು ಬಂದು, "ಕುಡೀರಿ, ಉರಿ ಕಡಿಮಿ ಆಗ್ತದ" ಎಂದು ತಲೆಯ ಮೇಲೆ ನಿಲ್ಲುತ್ತಿದ್ದಳು. ಗಣಿತದ ಮಾಸ್ತರನಾಗಿ ಮೂವತ್ತು ವರ್ಷ, "ಸರ್, ಒಂದಕ್ಕ" ಎಂದು ಬೆರಳೆತ್ತಿದ ಹುಡುಗರನ್ನೆಲ್ಲ "ಬೆಲ್ ಆಗೂತನ ಕುಂದ್ರು" ಎಂದು ಗದರಿಸಿ ಕೂರಿಸಿದ ಪಾಪವೇ ಇದು ಎಂದು ನನಗೆ ಅನುಮಾನ.

ಆ ಪಾಪ ನನ್ನನ್ನು ಮೊದಲು ಹಿಡಿದದ್ದು ಮೂರು ವರ್ಷದ ಹಿಂದೆ, ಚಿಂಚೋಳಿ ಬಸ್ಸಿನಲ್ಲಿ. ಹೆಂಡತಿಯ ತಮ್ಮ ಬಸವಂತನ ಹೊಲದಲ್ಲಿ ಎಳ್ಳಮಾವಾಸ್ಯೆಯ ಊಟ ಮುಗಿಸಿ, ಅವಳನ್ನು ಅಲ್ಲೇ ಬಿಟ್ಟು ಒಬ್ಬನೇ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ತಡೆಯಲಾಗದೆ ಬಸ್ಸು ನಿಲ್ಲಿಸಿದೆ. ಹಿಂದಿನ ಸೀಟಿನಿಂದ ಹಳೆಯ ಶಿಷ್ಯನೊಬ್ಬ "ನಮ್ಮ ಸರ್ ಅದಾರ, ಅವಸರ ಮಾಡಬ್ಯಾಡ್ರಿ" ಎಂದು ಕಂಡಕ್ಟರನಿಗೆ ಕೂಗಿ ಹೇಳಿ ಗುರುಭಕ್ತಿ ಮೆರೆದ. ಬಸ್ಸಿನ ತುಂಬ ಮಂದಿ ನೋಡುತ್ತಿದ್ದರೆ ಕೆಳಗಿಳಿದು ನಿಂತವನಿಗೆ ಏನೂ ಬರಲಿಲ್ಲ. ಹತ್ತಿ ಕುಳಿತ ಮೇಲೆ ಮತ್ತೆ ಒತ್ತಿ ಬಂತು. ಅಂದಿನಿಂದ ನಾನು ಆ ಕಡೆ ಮುಖ ಹಾಕಲಿಲ್ಲ. ಬಸವಂತ ಪ್ರತಿ ವರ್ಷ ಕರೆದ, ನಾನು ಪ್ರತಿ ವರ್ಷ ನೆಪ ಹೇಳಿದೆ. ಅಳಿಯ ಮುನಿಸಿಕೊಂಡಿದ್ದಾನೆ ಎಂದು ಆ ಮನೆಯವರೇ ತೀರ್ಮಾನಿಸಿದರು. ಅಂದು ಸೊಪ್ಪು ಕಾಳಿನ ಭಜ್ಜಿಯನ್ನು ನನಗಿಂತ ಮೊದಲು ಪಕ್ಕದ ಹೊಲದ ಗೌಡರ ತಾಟಿಗೆ ಬಡಿಸಿದ್ದೇ ಕಾರಣವಂತೆ! ನನಗೂ ಅದು ಅನುಕೂಲವೇ ಆಯಿತು. ಸಿಟ್ಟಿನ ಅಳಿಯನಿಗೆ ಮರ್ಯಾದೆಯುಂಟು, ಬಸ್ಸು ನಿಲ್ಲಿಸುವ ಅಳಿಯನಿಗೆ ಎಲ್ಲಿಯದು? ಸುಮ್ಮನಿದ್ದೆ. ಆದರೆ ಮಹಾದೇವಿ ಸುಮ್ಮನಿರಲಿಲ್ಲ. "ನಮ್ಮ ಮನಿಯವರು ಕಾರಣಿಲ್ದ ಸಿಟ್ಟಾಗಂಗಿಲ್ಲ" ಎಂದು ನನ್ನ ಪರ ವಹಿಸಿ, ಕಂಕುಳಲ್ಲಿ ಎತ್ತಿ ಬೆಳೆಸಿದ ತಮ್ಮನ ಜೊತೆ ಮಾತೇ ಬಿಟ್ಟಳು. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಚಹಾ ಕೇಳಿ ಮುಚ್ಚಿದೆ.

ನಿನ್ನೆ ಬಸವಂತ ಆಪರೇಷನ್ ಸುದ್ದಿ ಕೇಳಿ ಓಡಿಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತ. "ಮಾಮಾ, ತಪ್ಪು ನಂದ ಅದರಿ. ಬೇಕಾದ್ರ ನಾಕ ಮಂದಿ ಮುಂದ ಕಾಲು ಬೀಳ್ತೀನಿ. ನನ್ನ ಜೋಡಿ ಮಾತಾಡು ಅಂತ ಅಕ್ಕಗ ಒಂದು ಮಾತು ಹೇಳ್ರಿ." ಐವತ್ತು ದಾಟಿದವನ ಕಣ್ಣಲ್ಲಿ ನೀರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಬಸವಂತ, ನಿಂದೇನೂ ತಪ್ಪಿಲ್ಲಪ್ಪ. ಬಸ್ಸಿನ್ಯಾಗ ನನಗ ಉಚ್ಚಿ ತಡೀತಿರಲಿಲ್ಲ. ಹೇಳ್ಲಿಕ್ಕ ನಾಚಿಕಿ ಬಂತು" ಎಂದೆ.

"ಇಷ್ಟ ಏನ್ರಿ ಮಾಮಾ?" ಎಂದವನು ಬಾಯಿ ಮುಚ್ಚಲು ಮರೆತ. ಹಿಟ್ಟಿನ ಕೈಯಲ್ಲೇ ಹೊರಬಂದ ಮಹಾದೇವಿ ನನ್ನತ್ತ ನೋಡದೆ ಅವನ ಕೈ ಹಿಡಿದು, "ಒಳಗ ಬಾ ತಮ್ಮಾ, ಉಣ್ಣು" ಎಂದಳು. ಸಂಜೆಯವರೆಗೆ ಅಕ್ಕ ತಮ್ಮ ಅಡುಗೆಮನೆಯಲ್ಲಿ ಅತ್ತರು, ನಕ್ಕರು, ಮತ್ತೆ ಅತ್ತರು. ಮಂಚದ ಮೇಲೆ ಮಲಗಿ ಕೇಳುತ್ತಿದ್ದ ನನಗೂ ಕಣ್ಣು ತುಂಬಿ ಬಂತು.

ಅವನು ಹೋದ ಮೇಲೆ ಅವಳು ಒಂದೇ ಮಾತು ಕೇಳಿದಳು: "ನನ್ನ ಮುಂದೂ ನಾಚಿಕಿ ಏನ್ರಿ ನಿಮಗ?" ಆಮೇಲೆ ಮೌನ. ಊಟ, ಗುಳಿಗೆ ವೇಳೆಗೆ ಸರಿಯಾಗಿ ಬರುತ್ತವೆ, ಮಾತು ಬರುವುದಿಲ್ಲ. ತಡೆಯಲಾರದೆ ಇಂದು ಬಸವಂತನಿಗೇ ಫೋನ್ ಮಾಡಿದೆ. ಮುನಿದವರನ್ನು ಒಲಿಸುವುದರಲ್ಲಿ ಮೂರು ವರ್ಷದ ಅನುಭವವಿರುವವನು ನಮ್ಮ ಬಳಗದಲ್ಲಿ ಅವನೊಬ್ಬನೇ. ಅವನು, "ಮಾಮಾ, ನಾ ಮಾಡಿದ್ದು ಯಾವ್ದೂ ನಡೀಲಿಲ್ರಿ. ನೀವು ಆಪರೇಷನ್ ಮಾಡಿಸ್ಕೊಂಡ ಮ್ಯಾಲೇ ಎಲ್ಲಾ ಬಗಿಹರೀತು" ಎಂದ.

ಇನ್ನೊಂದು ಪ್ರಾಸ್ಟೇಟನ್ನು ನಾನೆಲ್ಲಿಂದ ತರಲಿ?